ಸೊಸೆಯ ಒಸಡು

ನನಗೆ ಮೊದಲಿನಿಂದಲೂ ಬಾಯಿ ಜೋರು. ಹಳಿಯಾಳದ ಪೇಟೆಯಲ್ಲಿ ಮೂವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವಳಿಗೆ ಮೆತ್ತಗೆ ಮಾತಾಡು ಅಂದರೆ ಹೇಗೆ ಬರಬೇಕು? ಮನೆಗೆ ಯಾರು ಬಂದರೂ ಮೊದಲ ಮಾತು ನನ್ನದು, ಕೊನೆಯ ಮಾತೂ ನನ್ನದು. ಈಗ ಈ ಸಂಗತಿಯನ್ನು ಬರೆಯಲು ಕೂತಿರುವುದೂ ಆ ಬಾಯಿಯ ದೆಸೆಯಿಂದಲೇ.

ಸೊಸೆ ಮುಂಡಗೋಡ ಕಡೆಯ ಹಳ್ಳಿಯವಳು. ನಮ್ಮಂತೆಯೇ ಲಿಂಗಾಯತರು, ಒಕ್ಕಲುತನದವರು. ಹುಡುಗಿ ಡಿಗ್ರಿ ಮುಗಿಸಿದ್ದಳು. ಕನ್ಯೆ ನೋಡಲು ಹೋದಾಗ ಅವಳನ್ನು ನಡೆಸಿ ನೋಡಿದವಳು ನಾನು, ಪೇಪರ್ ಓದಿಸಿ ನೋಡಿದವಳು ನಾನು, ಜಡೆ ಹಿಡಿದು ನೋಡಿದವಳೂ ನಾನೇ. ನನ್ನ ಚೇಷ್ಟೆಯ ಮಾತಿಗೆ ಹುಡುಗಿ ಬಾಯ್ತುಂಬ ನಕ್ಕಿದ್ದಳು. ಹಲ್ಲಿನ ಸಾಲು ಚೊಕ್ಕವಾಗಿತ್ತು. ಅವಳ ತಾಯಿಯನ್ನು ನೇರವಾಗಿಯೇ ಕೇಳಿದೆ: "ಹುಡುಗಿಗೆ ಬ್ಯಾನಿ ಗೀನಿ ಏನೂ ಇಲ್ಲಲ್ರಿ?" ಆಕೆ ಸೆರಗು ಸರಿ ಮಾಡಿಕೊಂಡು, "ಏನೂ ಇಲ್ರಿ ಅಕ್ಕಾರ," ಅಂದಳು. ಮುಂದಿನ ತಿಂಗಳೇ ಮದುವೆಯಾಯಿತು.

ಐದಾರು ತಿಂಗಳು ಕಳೆದಿರಬೇಕು. ಒಂದು ಮುಂಜಾನೆ ಬಚ್ಚಲಲ್ಲಿ ಅವಳು ಉಗುಳಿದ ನೀರು ಕೆಂಪಗೆ ಕಂಡಿತು. ಬಾಯಿ ತೆರೆಸಿ ನೋಡಿದರೆ ಒಸಡು ಉಬ್ಬಿ, ಕೆಂಪಾಗಿ, ಹಲ್ಲಿನ ಮೇಲೆ ಇಳಿಯತೊಡಗಿತ್ತು. "ಹಲ್ಲ ತಿಕ್ಕೂದು ನಿಮ್ಮವ್ವ ಕಲಿಸಿಲ್ಲೇನ ನಿನಗ?" ಎಂದು ಅಲ್ಲೇ ಗದರಿದೆ. ಮರುದಿನದಿಂದ ಅವಳು ಹಲ್ಲುಜ್ಜುವಾಗ ಬಚ್ಚಲ ಬಾಗಿಲಲ್ಲಿ ನಿಂತು ಕಾಯತೊಡಗಿದೆ. ಉಪ್ಪು, ಅರಿಷಿಣ, ಲವಂಗದ ಎಣ್ಣೆ, ಎಲ್ಲ ಆಯಿತು. ಬೆಲ್ಲ ಬಿಡಿಸಿದೆ, ಚಹಾ ಬಿಡಿಸಿದೆ. ಒಸಡು ಮಾತ್ರ ಬೆಳೆಯುತ್ತಲೇ ಹೋಯಿತು. ರೊಟ್ಟಿ ಕಚ್ಚಿದರೆ ರೊಟ್ಟಿಗೆ ರಕ್ತ ಅಂಟುತ್ತಿತ್ತು. ಬಾಯಿ ವಾಸನೆ ಬರತೊಡಗಿತು. ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡುವಳು. ಆಮೇಲಾಮೇಲೆ ನಗುವುದನ್ನೇ ಬಿಟ್ಟಳು. ಮಗ ಪಡಸಾಲೆಯಲ್ಲಿ ಬೇರೆ ಮಲಗತೊಡಗಿದ್ದ. ಅದನ್ನು ನೋಡಿಯೂ ನಾನು, "ನಿನ್ನ ಬಾಯಿ ಸುದ್ದ ಆಗೂತನಾ ಹಿಂಗ ಇರೂದು," ಎಂದು ಅವಳಿಗೇ ಅಂದೆ. ಥೂ, ಎಂಥ ಮಾತು ಅದು!

ಮಗ ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವನು. ಅಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ ಚಲೋ ನೋಡುತ್ತಾಳೆಂದು ಅವನೇ ಹೇಳಿದ. ಸೊಸೆಯನ್ನು ಕರೆದುಕೊಂಡು ನಾನು ಬಸ್ಸು ಹತ್ತಿದೆ. ನಮ್ಮ ಕಡೆ ಸೊಸೆಯನ್ನು ಒಬ್ಬಳನ್ನೇ ದವಾಖಾನೆಗೆ ಕಳಿಸುವ ಪದ್ಧತಿ ಇಲ್ಲ. ಅತ್ತೆ ಜೊತೆಗೆ ಒಳಗೆ ಹೋಗಬೇಕು, ಡಾಕ್ಟರು ಕೇಳಿದ್ದಕ್ಕೆ ಅತ್ತೆಯೇ ಉತ್ತರ ಹೇಳಬೇಕು. ಅದನ್ನು ಕಾಳಜಿ ಎಂದೇ ನಾವು ತಿಳಿದಿದ್ದೇವೆ. ಮೊದಲ ಸಲ ಡಾಕ್ಟರಮ್ಮ ಹಲ್ಲು ಕ್ಲೀನ್ ಮಾಡಿ, ಬಾಯಿ ಮುಕ್ಕಳಿಸಲು ಔಷಧ ಕೊಟ್ಟಳು, ರಕ್ತ ತಪಾಸಣೆಗೆ ಬರೆದಳು. ರಕ್ತದಲ್ಲಿ ಏನೂ ದೋಷ ಇರಲಿಲ್ಲ. ತಿಂಗಳು ಬಿಟ್ಟು ಹೋದಾಗ ಒಸಡು ಮೊದಲಿಗಿಂತ ದಪ್ಪಗಿತ್ತು.

ಡಾಕ್ಟರಮ್ಮ ಕನ್ನಡಿ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಅವ್ವಾರ, ನೀವು ಸ್ವಲ್ಪ ಹೊರಗ ಕೂಡ್ರಿ. ನಾ ಇವರ ಜೋಡಿ ಒಂದೆರಡು ಮಾತಾಡ್ತೇನಿ."

"ಯಾಕ್ರಿ? ನನ್ನ ಮುಂದ ಆಡಬಾರದ ಮಾತು ಏನೈತ್ರಿ? ಮಗಳಿದ್ದಂಗ ಅದಾಳ ನನಗ," ಎಂದು ಕುರ್ಚಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತೆ.

ಆಕೆ ಹುಡುಗಿಯನ್ನೇ ನೋಡುತ್ತ ಹೇಳಿದಳು: "ಕೆಲವು ಗುಳಿಗಿಯಿಂದ ಒಸಡ ಹಿಂಗ ಬೆಳಿತಾವ್ರಿ. ಬಿ.ಪಿ.ಗೆ ಕೊಡೂವು ಅದಾವು, ಮೂರ್ಛಿರೋಗಕ್ಕ ಕೊಡೂದೊಂದೈತಿ. ಅಂಥಾದ್ದೇನರ ತಗೋತಿದ್ರ, ಅದನ್ನ..."

ನಾನು ಮುಗಿಸಲು ಬಿಟ್ಟರೆ ತಾನೇ! "ಮೂರ್ಛಿರೋಗನ? ಏನ್ ಮಾತಂತ ಆಡ್ತೀರಿ! ನಮ್ಮ ಮನಿತನದಾಗ ಅಂಥಾವ್ರು ಯಾರೂ ಇಲ್ರಿ. ನೋಡಿ, ಕೇಳಿ, ಆರಿಸಿ ತಂದೇನಿ ನಾ. ಹೌದಲ್ಲ ಏ ಹುಡುಗಿ? ಗುಳಿಗಿ ಗಿಳಿಗಿ ಏನರ ನುಂಗ್ತಿ ಏನು?"

ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರಮ್ಮ ಮತ್ತೇನೂ ಹೇಳದೆ ಚೀಟಿ ಬರೆದಳು. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿ ಕಿಟಕಿಗೆ ತಲೆ ಆನಿಸಿಕೊಂಡು ಕಣ್ಣು ಮುಚ್ಚಿದ್ದಳು. ಅವಳಿಗೆ ಬಸ್ಸು ಆಗಿಬರುವುದಿಲ್ಲ ಎಂದುಕೊಂಡೆ. ಒಸಡು ಬಾತದ್ದು ಯಾತರಿಂದ ಎಂದು ಅವತ್ತು ಆ ಬಸ್ಸಿನಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಅದೇ ವಾರ ಸಂತೆಗೆ ಜೋಯಿಡಾ ಕಡೆಯ ಒಬ್ಬ ಅಜ್ಜ ಬಂದಿದ್ದ. ಬೇರು, ತೊಗಟೆ ಮಾರುವವನು. ಕೊಂಕಣಿ ಬೆರೆಸಿದ ಕನ್ನಡದಲ್ಲಿ ಅವನು ಹೇಳಿದ್ದು ಅರ್ಧ ತಿಳಿಯಿತು, ಅರ್ಧ ಇಲ್ಲ. ಒಂದು ತೊಗಟೆಯ ಪುಡಿ ಕೊಟ್ಟು, ಕುದಿಸಿ ಮುಕ್ಕಳಿಸಲು ಹೇಳಿದ. ದಿನಕ್ಕೆರಡು ಸಲ ನಾನೇ ಕುದಿಸಿ ಕೊಟ್ಟೆ. ಹುಡುಗಿ ಒಂದು ದಿನವೂ ತಪ್ಪಿಸಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ರಕ್ತ ನಿಂತಿತು. ಎರಡು ತಿಂಗಳಿಗೆ ಒಸಡು ಇಳಿಯಿತು. ಮೂರನೆಯ ತಿಂಗಳು ಅವಳ ಹಲ್ಲು ಮತ್ತೆ ಪೂರಾ ಕಂಡಿತು. ಮಗ ಪಡಸಾಲೆಯ ಹಾಸಿಗೆ ಎತ್ತಿದ. ನನಗೋ ಆಕಾಶಕ್ಕೆ ಮೂರೇ ಗೇಣು! ಓಣಿಯ ಹೆಂಗಸರನ್ನೆಲ್ಲ ಕರೆದು, ಸೊಸೆಯ ಗಲ್ಲ ಹಿಡಿದು, "ನೋಡ್ರಿ, ಕಲಿತ ಡಾಕ್ಟರ್ ಕೈಲೆ ಆಗಲಿಲ್ಲ, ಅತ್ತಿ ಕೈಲೆ ಆತು," ಎಂದು ಬಾಯಿ ತೆರೆಸಿ ತೋರಿಸಿದೆ. ಅವಳೂ ನಕ್ಕಳು. ಅವಳು ನಕ್ಕಿದ್ದು ನೋಡಿ ನನಗೆ ನಿಜವಾಗಿಯೂ ಸಂತೋಷವಾಗಿತ್ತು.

ಆಮೇಲೆ ಹತ್ತು ದಿನವೂ ಆಗಿರಲಿಲ್ಲ. ಮುಂಜಾನೆ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಲಿಂಗಪೂಜೆಗೆ ಕೂತಿದ್ದೆ. ಬಡಿಯುವ ಸಪ್ಪಳ ತಟ್ಟನೆ ನಿಂತಿತು. ಹಿಟ್ಟು ತೀರಿರಬೇಕು ಎಂದುಕೊಂಡೆ. ಸುಟ್ಟ ವಾಸನೆ ಬಂದಾಗ ರೊಟ್ಟಿ ಹೊತ್ತಿತೆಂದು, ಎದ್ದೇಳದೆ ಕೂತಲ್ಲಿಂದಲೇ ಬೈದೆ. ಉತ್ತರ ಬರಲಿಲ್ಲ. ಹೋಗಿ ನೋಡಿದರೆ, ಅಯ್ಯ ಶಿವನೇ, ಒಲೆಯ ಮೇಲೆ ಬಾಗಿ ಬಿದ್ದಿದ್ದಾಳೆ, ಮೈಯೆಲ್ಲ ಸೆಟೆದು ಅದುರುತ್ತಿದೆ, ಬಲಗೈ ಕಾದ ಹಂಚಿನ ಮೇಲಿದೆ. ಎಳೆದು ಕೆಳಗೆ ಹಾಕಿದೆ. ಅಂಗೈಯ ಚರ್ಮ ಹಂಚಿಗೇ ಅಂಟಿ ಉಳಿಯಿತು. ನನ್ನ ಕೂಗಿಗೆ ಪಕ್ಕದ ಮನೆಯಾಕೆ ಓಡಿ ಬಂದಳು. "ಮೂರ್ಛಿ ಇದು, ಕಬ್ಬಿಣ ಕೊಡ್ರಿ ಕೈಯಾಗ," ಎನ್ನುತ್ತ ಬಾಗಿಲ ಕೀಲಿಯನ್ನು ಆ ಸುಟ್ಟ ಕೈಯಲ್ಲೇ ಒತ್ತಲು ಹೋದಳು. ನಾನು ಅವಳನ್ನು ದೂಡಿದೆ.

ಧಾರವಾಡದ ದವಾಖಾನೆಯಲ್ಲಿ ಇಪ್ಪತ್ತು ದಿನ ಇದ್ದೆವು. ಬಟ್ಟೆ ತರಲೆಂದು ಮನೆಗೆ ಬಂದ ಮಗ ಅವಳ ಟ್ರಂಕಿನ ತಳದಲ್ಲಿ ಗುಳಿಗೆಯ ಪಟ್ಟಿಗಳನ್ನು ಕಂಡ. ತವರಿನವರು ಅವನ್ನು ಚಟ್ನಿಪುಡಿಯ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದರಂತೆ. ಮೂರು ತಿಂಗಳ ಗುಳಿಗೆ ಒಂದೂ ಒಡೆಯದೆ ಹಾಗೇ ಇದ್ದವು. ಮದುವೆಗೆ ಆರು ತಿಂಗಳ ಮುಂಚೆ ಎರಡು ಸಲ ಮೂರ್ಛೆ ಬಂದು ಬಿದ್ದಿದ್ದಳಂತೆ. ಮದುವೆಯ ಹೊತ್ತಿಗೆ ಗುಳಿಗೆ ಹೆಚ್ಚು ಮಾಡಿದ್ದರಂತೆ. ಧಾರವಾಡದ ಡಾಕ್ಟರು ಪಟ್ಟಿ ನೋಡಿ ನನ್ನನ್ನೇ ಕೇಳಿದರು: "ಒಮ್ಮಿಗೇ ಬಿಡು ಅಂತ ಯಾರು ಹೇಳಿದ್ರು? ಬಿಡಬಾರದಿತ್ತು. ಬ್ಯಾರೆ ಗುಳಿಗಿ ಐತಲ್ಲ, ಅದಕ್ಕ ಒಸಡ ಬೆಳ್ಯಾಂಗಿಲ್ಲ. ಒಂದು ಮಾತು ಹೇಳಿದ್ರ ಬದಲಿ ಮಾಡಿ ಕೊಡ್ತಿದ್ರು." ದಾಂಡೇಲಿಯ ಡಾಕ್ಟರಮ್ಮ ಅವತ್ತು ಹೇಳಹೊರಟದ್ದು ಇಷ್ಟೇ. ಅದನ್ನು ಅರ್ಧಕ್ಕೇ ಕತ್ತರಿಸಿದವಳು ನಾನು. ಅರ್ಧ ಮಾತು ಕೇಳಿಸಿಕೊಂಡ ಹುಡುಗಿ ಮನೆಗೆ ಬಂದು ತನಗೆ ತೋಚಿದ್ದು ಮಾಡಿದ್ದಳು.

ಬೀಗತಿ ಬಂದಾಗ ನಾನು ವಾರ್ಡಿನಲ್ಲೇ ಮೈಮೇಲೆ ಬಂದವಳಂತೆ ಕೂಗಾಡಿದೆ. "ಮುಚ್ಚಿಟ್ಟು ನನ್ನ ಮನಿಗೆ ದೂಡಿದ್ರಲ್ಲ! ಹೇಳಾಕ ಏನಾಗಿತ್ತು ನಿಮಗ?"

ಆಕೆ ಅಳಲಿಲ್ಲ. ಮಗಳ ಕೈಯ ಪಟ್ಟಿಯನ್ನು ನೋಡುತ್ತಲೇ ಕೇಳಿದಳು: "ಹೇಳಿದ್ರ ತಗೋತಿದ್ರೇನ್ರಿ ಅಕ್ಕಾರ?"

ತೆಗೆದುಕೊಳ್ಳುತ್ತಿರಲಿಲ್ಲ. ಚಹಾ ಸಹ ಕುಡಿಯದೆ ಎದ್ದು ಬರುತ್ತಿದ್ದೆ, ದಾರಿಯುದ್ದಕ್ಕೂ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದೆ.

ಈಗ ಸೊಸೆಗೆ ಹೊಸ ಗುಳಿಗೆ. ಮುಂಜಾನೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಹೊತ್ತು ತಪ್ಪಿಸಬೇಡಿ ಎಂದು ಡಾಕ್ಟರು ಮೂರು ಸಲ ಹೇಳಿದ್ದಾರೆ. ಪಡಸಾಲೆಯ ಕಪಾಟಿನಲ್ಲಿ ಮನೆಯವರಿಗೆಲ್ಲ ಗೊತ್ತಿರುವ ಹಾಗೆ ಇಟ್ಟು, ನಾನೇ ಕೊಡುತ್ತೇನೆ. ಒಸಡು ಚೊಕ್ಕವಾಗಿದೆ. ಬಲಗೈಯ ಮೂರು ಬೆರಳು ಒಳಗೆ ಮಡಚಿಕೊಂಡಿವೆ. ರೊಟ್ಟಿ ನಾನು ಬಡಿಯುತ್ತೇನೆ. ನಾನು ಬದಲಾಗಿದ್ದೇನೆ ಎಂದು ನನಗೇ ಅನ್ನಿಸತೊಡಗಿತ್ತು.

ಹೋದ ತಿಂಗಳು ನನ್ನ ಸಣ್ಣ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಸೋಮವಾರ, ಮುಂಜಾನೆ ಏಳೂವರೆಗೇ ಬಂದು ಇಳಿದರು. ಮಗಳಿಗೆ ಈಗಾಗಲೇ ಎರಡು ಸಂಬಂಧ ತಪ್ಪಿದ್ದವು. ಸೊಸೆ ಎಡಗೈಯಲ್ಲಿ ಅವಲಕ್ಕಿಯ ತಾಟು ಹಿಡಿದು, ಬಲಗೈಯನ್ನು ಆಸರೆಗೆ ಕೊಟ್ಟುಕೊಂಡು ಬಂದಳು. ಗಂಡಿನ ತಾಯಿಯ ಕಣ್ಣು ಆ ಬೆರಳುಗಳ ಮೇಲೆ ನಿಂತಿತು.

"ಸೊಸಿ ಕೈಗೆ ಏನಾಗೇತ್ರಿ?"

"ಎಣ್ಣಿ ಸಿಡದಿತ್ರಿ. ಹಬ್ಬದಾಗ ಕರಿಯೂ ಮುಂದ," ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ಮನ್ಯಾಗ ಮತ್ತ ಯಾರಿಗೂ ಬ್ಯಾನಿ ಇಲ್ಲಲ್ರಿ?"

"ಏನೂ ಇಲ್ರಿ ಅಕ್ಕಾರ."

ಸೊಸೆ ನನ್ನ ಮುಖ ನೋಡಿದಳು. ಆಮೇಲೆ ಆಕೆಯ ಕಡೆ ತಿರುಗಿ, "ಹೌದ್ರಿ, ಎಣ್ಣಿನ. ನಂದ ತಪ್ಪು," ಎಂದು ತಾಟು ಕೆಳಗಿಟ್ಟು ಗೋಡೆಗೆ ನಿಂತುಕೊಂಡಳು.

ಗಂಡಿನ ತಾಯಿ ಕೂತದ್ದು ಗುಳಿಗೆಯ ಆ ಕಪಾಟಿಗೆ ಬೆನ್ನು ಕೊಟ್ಟು. ಕಪಾಟು ತೆಗೆಯಬೇಕೆಂದರೆ ಆಕೆಯನ್ನು ಎಬ್ಬಿಸಬೇಕು, ಏನು ಅಂತ ಆಕೆ ಕೇಳುತ್ತಾಳೆ. ಗೋಡೆಯ ಗಡಿಯಾರದಲ್ಲಿ ಎಂಟಾಯಿತು, ಒಂಬತ್ತಾಯಿತು. ಜಾತಕ, ಬಂಗಾರ, ಛತ್ರದ ಮಾತು ಮುಗಿಯಲೇ ಇಲ್ಲ. ಹೊತ್ತು ಮೀರಿದ್ದು ನನಗೆ ಗೊತ್ತಿತ್ತು. ಸೊಸೆಗೂ ಗೊತ್ತಿತ್ತು. ಅವಳ ಕಣ್ಣು ಒಂದೆರಡು ಸಲ ಗಡಿಯಾರದಿಂದ ನನ್ನ ಕಡೆ ಬಂತು. ಸಂಬಂಧ ಕೂಡಿ, ಅವರು ಎದ್ದು ಗಾಡಿ ಹತ್ತುವಾಗ ಹನ್ನೆರಡು ಹೊಡೆದಿತ್ತು. ಅಲ್ಲಿಯ ತನಕ ನಾವಿಬ್ಬರೂ ಬಾಯಿ ಬಿಡಲಿಲ್ಲ.