ನಾನು ಡೀನ್ ಆಗಿರಲಿಲ್ಲವಂತೆ

ನಿವೃತ್ತಿಯಾಗಿ ಅರಸೀಕೆರೆಗೆ ಬಂದು ನೆಲೆಸಿದ ಮೇಲಿನ ಮಾತು. ಒಂದು ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯ ಜೊತೆ ಮನೆಗೆ ಬಂದಳು. ಹಳೇಬೀಡಿನ ಹತ್ತಿರದ ಹುಲಿಕೆರೆಯವಳು. ಎಂ.ಬಿ.ಬಿ.ಎಸ್. ಮುಗಿಸಿ, ಕೆಲವು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು, ಮಕ್ಕಳ ವೈದ್ಯಕೀಯ ಓದಲು ಹೊರರಾಜ್ಯದ ಕಾಲೇಜೊಂದರಲ್ಲಿ ಸೀಟು ಪಡೆದಿದ್ದಳು. ಆ ಸಂತೋಷ ಹೇಳಲು ಬಂದಿದ್ದಾಳೆ ಅಂದುಕೊಂಡರೆ, ಕೂತವಳೇ ಅಳಲು ಶುರು ಮಾಡಿದಳು.

ಆ ಕಾಲೇಜಿನವರು ಅವಳ ವ್ಯಾಸಂಗ ಪ್ರಮಾಣಪತ್ರವನ್ನು ಪರಿಶೀಲನೆಗೆಂದು ನಮ್ಮ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದರಂತೆ. ಅಲ್ಲಿಂದ ಉತ್ತರ ಹೋಗಿತ್ತು: ಸಹಿ ಮಾಡಿದವರು ಆ ಅವಧಿಯಲ್ಲಿ ಡೀನ್ ಆಗಿದ್ದರೆಂಬುದಕ್ಕೆ ಕಚೇರಿಯಲ್ಲಿ ದಾಖಲೆ ಇಲ್ಲ.

ಸಹಿ ನನ್ನದು.

“ಮೇಡಂ, ನೀವು ಡೀನ್ ಆಗಿದ್ರಿ ತಾನೇ?” ಎಂದು ಹುಡುಗಿ ಕೇಳಿದಳು. ಆ ‘ತಾನೇ’ ನನ್ನನ್ನು ಚುಚ್ಚಿತು. ಎರಡು ವರ್ಷಕ್ಕೂ ಮೇಲೆ ಆ ಕುರ್ಚಿಯಲ್ಲಿ ಕೂತು, ಪರೀಕ್ಷೆ ಮುಂದೂಡಿದರೂ ಬೈಸಿಕೊಂಡು, ಮುಂದೂಡದಿದ್ದರೂ ಬೈಸಿಕೊಂಡು, ಹಾಸ್ಟೆಲಿನ ನೀರಿನಿಂದ ಹಿಡಿದು ಶವಾಗಾರದ ಬೀಗದವರೆಗೆ ನೋಡಿಕೊಂಡವಳು ನಾನು.

“ನಮ್ ಮಗೀನ ಓದೆಲ್ಲ ಸುಳ್ಳು ಅಂತಾಯ್ತದಾ ತಾಯಿ?” ಎಂದರು ಅವಳ ತಾಯಿ.

“ಅವಳ ಓದು ಸುಳ್ಳಾಗಲ್ಲಮ್ಮ. ಸುಳ್ಳಾಗಿರೋದು ನಾನು.”

ವಿಶ್ವವಿದ್ಯಾಲಯಕ್ಕೆ ಫೋನ್ ಮಾಡಿದೆ. ಆಡಳಿತ ಶಾಖೆಯವರೊಬ್ಬರು ಬಹಳ ವಿನಯದಿಂದ ಮಾತಾಡಿದರು. “ನಿಮ್ಮ ನೇಮಕದ ಆದೇಶ ಇದ್ರೆ ಒಂದು ಪ್ರತಿ ಕಳ್ಸಿ ಮೇಡಂ, ನೋಡೋಣ.”

“ಆದೇಶ ಕೊಡಬೇಕಾಗಿದ್ದೋರು ನೀವಲ್ವೇನ್ರೀ?”

“ಅದೇ ಮೇಡಂ, ನಾವು ಕೊಟ್ಟಿದ್ರೆ ನಮ್ಮ ಫೈಲಲ್ಲೇ ಇರ್ತಿತ್ತು.”

ಆದೇಶ ಕೊಟ್ಟಿರಲಿಲ್ಲ, ನಿಜ. ನನಗಿಂತ ಹಿಂದಿನ ಡೀನ್ ನಿವೃತ್ತರಾದ ದಿನ ಕುಲಸಚಿವರು ನನ್ನನ್ನು ಕರೆಸಿ, “ಸದ್ಯಕ್ಕೆ ನೀವೇ ನೋಡ್ಕೊಳ್ಳಿ, ಆದೇಶ ಹಿಂದಿನಿಂದ ಬರುತ್ತೆ” ಎಂದಿದ್ದರು. ಅದು ಬರಲೇ ಇಲ್ಲ. ಕೇಳಿ ಕೇಳಿ ಸಾಕಾಗಿ ಒಮ್ಮೆ ತುಂಬಿದ ಸಭೆಯಲ್ಲೇ ಕೇಳಿಬಿಟ್ಟೆ. “ಆದೇಶ ಇಲ್ದೆ ಕೆಲಸ ನಡೀತಾ ಇಲ್ವಾ?” ಎಂದು ಅವರು ಎಲ್ಲರ ಮುಂದೆ ನಕ್ಕರು. ಅಲ್ಲಿಂದಾಚೆಗೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಈಗ ಅವರೂ ನಿವೃತ್ತರಾಗಿ ತಮ್ಮೂರು ಬಸ್ತಿಹಳ್ಳಿಯಲ್ಲಿದ್ದರು. ಬೇರೆ ದಾರಿ ಕಾಣದೆ ನಾವು ಮೂವರೂ ಹಳೇಬೀಡಿನ ಬಸ್ಸು ಹತ್ತಿದೆವು.

ಅಂಗಳದಲ್ಲಿ ರಾಗಿ ಹರವಿಕೊಂಡು ಮಾಜಿ ಕುಲಸಚಿವರು ಕೋಳಿ ಅಟ್ಟುತ್ತಿದ್ದರು. ನನ್ನನ್ನು ಕಂಡು ಬನಿಯನ್ನಿನ ಮೇಲೆ ಟವೆಲ್ಲು ಹೊದ್ದುಕೊಂಡರು. ವಿಷಯ ಹೇಳಿದೆ.

“ನೀವು ಡೀನ್ ಆಗಿದ್ದು ಯಾರಿಗ್ ಗೊತ್ತಿಲ್ಲ ಮೇಡಂ? ಎರಡು ವರ್ಷ ನನ್ನ ತಲೆ ತಿಂದಿದ್ದೀರಲ್ಲ!”

“ಅದನ್ನೇ ಬರೆದುಕೊಡಿ.”

ಬರೆದುಕೊಟ್ಟರು, ತಲೆ ತಿಂದದ್ದನ್ನು ಬಿಟ್ಟು. ಕಾಫಿಯನ್ನೂ ಕೊಟ್ಟರು. ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ. ಹೋಗಲಿ, ಕೆಲಸವಾದರೆ ಸಾಕೆಂದು ಆ ಪತ್ರವನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿದೆ. ನಿವೃತ್ತ ಅಧಿಕಾರಿಗಳ ಹೇಳಿಕೆಯನ್ನು ದಾಖಲೆಯೆಂದು ಪರಿಗಣಿಸಲು ಅವಕಾಶವಿಲ್ಲ ಎಂದು ಉತ್ತರ ಬಂತು. ಅಷ್ಟರಲ್ಲಿ ಹುಡುಗಿ ಕಾಲೇಜು ಸೇರಬೇಕಾದ ದಿನ ಹತ್ತಿರ ಬಂದಿತ್ತು. ನೇರ ವಿಶ್ವವಿದ್ಯಾಲಯಕ್ಕೇ ಹೋಗೋಣವೆಂದು ನಾನು ಅವಳನ್ನು ಕರೆದುಕೊಂಡು ರೈಲು ಹತ್ತಿದೆ.

ಈಗಿನ ಡೀನ್ ಒಂದು ಕಾಲಕ್ಕೆ ನನ್ನ ವಿಭಾಗದಲ್ಲೇ ಕಿರಿಯ ಅಧ್ಯಾಪಕರಾಗಿದ್ದವರು. ನನ್ನನ್ನು ಕಂಡು ಎದ್ದು ನಿಂತರು, ಕುರ್ಚಿ ಎಳೆದುಕೊಟ್ಟರು, ಮಂಡಿನೋವು ವಿಚಾರಿಸಿದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಡೀನ್‌ಗಳ ಹೆಸರಿನ ಫಲಕವಿತ್ತು. ನನ್ನ ಹಿಂದಿನವರ ಅವಧಿ ಮುಗಿಯುವ ವರ್ಷಕ್ಕೂ ನನ್ನ ನಂತರದವರ ಅವಧಿ ಶುರುವಾಗುವ ವರ್ಷಕ್ಕೂ ನಡುವೆ ಎರಡು ವರ್ಷ ಬಿಟ್ಟುಹೋಗಿದ್ದರೂ ಹೆಸರುಗಳು ಮಾತ್ರ ಒಂದರ ಕೆಳಗೊಂದು ಒತ್ತಿಕೊಂಡು ಕೂತಿದ್ದವು.

“ನನಗೆಲ್ಲ ಗೊತ್ತು ಮೇಡಂ. ಆದ್ರೆ ದಾಖಲೆ ಇಲ್ದೆ ನಾನೇನು ಮಾಡ್ಲಿ?” ಎಂದರು.

ಹುಡುಗಿ ತಲೆ ತಗ್ಗಿಸಿ ಸೆರಗಿನ ಅಂಚು ಹಿಂಡುತ್ತಿದ್ದಳು. ಅವಳನ್ನು ನೋಡಿ ನನ್ನ ತಾಳ್ಮೆ ಮುಗಿಯಿತು.

“ಒಂದು ಮಾತು ಕೇಳ್ತೀನಿ. ನಿಮ್ಮನ್ನ ಪ್ರೊಫೆಸರ್ ಮಾಡಿದ ಆಯ್ಕೆ ಸಮಿತೀಲಿ ಡೀನ್ ಅಂತ ಕೂತಿದ್ದು ಯಾರು?”

ಅವರು ಮೇಜಿನ ಮೇಲಿದ್ದ ಫೈಲನ್ನು ಮುಚ್ಚಿಟ್ಟರು.

“ನಾನು ಡೀನ್ ಅಲ್ಲ ಅನ್ನೋದಾದ್ರೆ ಆ ಸಮಿತಿಯೇ ಸರಿಯಾಗಿ ಕೂಡಿರಲಿಲ್ಲ ಅಂತಾಯ್ತು. ಸಮಿತಿ ಸರಿಯಿಲ್ಲ ಅಂದ್ರೆ ನೀವು ಪ್ರೊಫೆಸರ್ ಅಲ್ಲ. ಪ್ರೊಫೆಸರ್ ಅಲ್ದೋರು ಈ ಕುರ್ಚೀಲಿ ಹೇಗ್ರೀ ಕೂತಿದ್ದೀರಿ?”

ಅವರು ಗಂಟೆ ಒತ್ತಿದರು. ಊಟದ ಹೊತ್ತಿಗೆಲ್ಲ, ಡೀನ್ ಎಂದು ನನ್ನ ಹೆಸರೂ ಸಹಿಯೂ ಇದ್ದ ಆ ಸಮಿತಿಯ ನಡಾವಳಿ ಸಿಕ್ಕಿತು. ಇಷ್ಟು ದಿನ ಅದು ಎಲ್ಲೂ ಹೋಗಿರಲಿಲ್ಲ, ಅದನ್ನು ಹುಡುಕುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ, ಅಷ್ಟೆ. ಮಧ್ಯಾಹ್ನ ಈಗಿನ ಕುಲಸಚಿವರ ಸಹಿಯೊಂದಿಗೆ ದೃಢೀಕರಣ ಪತ್ರ ಟೈಪಾಗಿ ಬಂತು. ಓದಿ ನೋಡಿದರೆ ಮೊದಲ ಸಾಲಿನಿಂದಲೇ ನಾನು ‘ಶ್ರೀಯುತರು’.

“ನಾನು ಹೆಂಗಸು ಕಣ್ರೀ,” ಎಂದೆ.

“ಅಯ್ಯೋ ಕ್ಷಮಿಸಿ ಮೇಡಂ. ತಿದ್ದಿಸೋಣ. ಆದ್ರೆ ಕುಲಸಚಿವರು ಸಹಿ ಮಾಡಿ ಈಗ ತಾನೇ ಹೊರಟ್ರು. ಸೋಮವಾರ ಬಂದ್ರೆ...” ಎಂದರು ಡೀನ್.

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ನನ್ನ ಮೊಣಕೈ ಹಿಡಿದುಕೊಂಡಳು. “ಮೇಡಂ, ಬೇಡ. ಇದೇ ಸಾಕು. ಹೋಗಣ ಬನ್ನಿ.”

ಹೊರಟೆವು. ಹೇಳಬೇಕೆಂದಿದ್ದ ಮಾತುಗಳನ್ನೆಲ್ಲ ನುಂಗಿಕೊಂಡಿದ್ದರಿಂದ ರೈಲಿನಲ್ಲಿ ನನಗೆ ಊಟ ಸೇರಲಿಲ್ಲ. ಹುಡುಗಿ ಮಾತ್ರ ತನ್ನ ಪಾಲಿನ ಚಿತ್ರಾನ್ನ ಮುಗಿಸಿ, ನನ್ನದನ್ನೂ ಮುಗಿಸಿ, ಆ ಪತ್ರವಿದ್ದ ಚೀಲವನ್ನು ತಲೆಯ ಕೆಳಗಿಟ್ಟುಕೊಂಡು ಹಾಯಾಗಿ ನಿದ್ದೆ ಹೋದಳು.