ಮೂಗು ಮೇಸ್ತ್ರಿ ಆರಿಸಿದ ಬಳ್ಳಿ

ಬಿಯರ್ ಕಾರ್ಖಾನೆಯ ಗೋದಾಮಿನಲ್ಲಿ ಮೂವತ್ತು ವರ್ಷ ಹಾಪ್ಸ್ ಮೂಟೆ ಬಿಚ್ಚಿ, ಮೂಸಿ, ಇದು ಒಳಗೆ, ಇದು ವಾಪಸ್ ಎಂದು ತೀರ್ಪು ಕೊಟ್ಟವನಿಗೆ ಮೂಗು ಮೇಸ್ತ್ರಿ ಎಂದೇ ಹೆಸರು. ಬಿಯರಿಗೆ ಕಹಿ, ಘಮ ಎರಡನ್ನೂ ಕೊಡುವ ಹಸಿರು ಹೂವದು. ಆದರೆ ಒಣಗಿಸಿ ಒತ್ತಿದ ಮೂಟೆ ಬಿಟ್ಟರೆ ಬಳ್ಳಿಯನ್ನು ಅವನು ಕಣ್ಣಾರೆ ಕಂಡವನಲ್ಲ. ಅದನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ದರ್ಜಿ ಕೆಲಸದ ತಂಗಿ ಮನೆಯಲ್ಲೇ ಬಿಯರ್ ಮಾಡುತ್ತಿದ್ದಳು. ಹಿತ್ತಲಿನ ಹುರುಳಿಕಾಯಿ ಸಾಲು ಕಿತ್ತು, ಎರಡು ಹಾಪ್ಸ್ ಬಳ್ಳಿಗೆ ತಂತಿ ಕಟ್ಟಿದಳು. ಘಮದ ತಳಿಯನ್ನು ತಾನೇ ಆರಿಸಿ ತಂದಳು. ಕಹಿಯದನ್ನು ಅಣ್ಣನ ಮೂಗಿಗೆ ಬಿಟ್ಟಳು.

ನರ್ಸರಿಯಲ್ಲಿ ಮೇಸ್ತ್ರಿ ಎಲೆ ಕಿವುಚಿ ಮೂಸಿದ. ಬರೀ ಹುಲ್ಲಿನ ವಾಸನೆ. ಒಂದೊಂದು ಕುಂಡದ ಮುಂದೂ ತಲೆದೂಗಿದ, ಬೆವರಿದ. ಕೊನೆಗೆ ಮೂಲೆಯಲ್ಲಿ ಚೀಟಿಯಿಲ್ಲದೆ ನಿಂತಿದ್ದ, ಎಲ್ಲಕ್ಕಿಂತ ದಪ್ಪ ಕಾಂಡದ ಗಿಡಕ್ಕೆ ಕೈಹಾಕಿದ. ಅದು ಮನೆಯಲ್ಲಿ ನೆಡುವಂಥದ್ದಲ್ಲ ಎನ್ನಲು ನರ್ಸರಿಯಾಕೆ ಬಾಯಿ ತೆರೆದಳು.

"ಮೂವತ್ತು ವರ್ಷ ಇದರಲ್ಲೇ ಹೊರಳಾಡಿದೋನಿಗೆ ಪಾಠ ಹೇಳ್ತೀಯೇನಮ್ಮ?"

ಆಕೆ ಗಿಡ ಕಟ್ಟಿಕೊಟ್ಟಳು.

ಎರಡನೆಯ ವರ್ಷ ಮೇಸ್ತ್ರಿಯ ಬಳ್ಳಿ ಸೂರು ಮುಟ್ಟಿ, ಪುಡಿಪುಡಿ ಹೂ ಉದುರಿಸಿ ಸುಮ್ಮನಾಯಿತು. ತಂಗಿಯದರಲ್ಲಿ ಗೊಂಚಲು ಗೊಂಚಲು ಹೂ, ಒಣಗಿಸಿಟ್ಟರೆ ಕಮಟು. ಅಣ್ಣನ ಅಂಗೈಗೆ ಒಂದು ಹಿಡಿ ಸುರಿದಳು. ಬಿಡಿಸಿದ. ಒಳಗೆಲ್ಲ ಬೀಜ; ಗಂಡು ಬಳ್ಳಿಯ ಪರಾಗ ತಗುಲಿದರೆ ಹೂ ಹೀಗೆ ಬೀಜ ಕಟ್ಟಿ ಕೆಡುತ್ತದೆ. ಇಂಥ ಮೂಟೆ ಬಂದಾಗ, ತೋಟದಲ್ಲಿ ಗಂಡು ಬಳ್ಳಿ ಬಿಟ್ಟಿದ್ದಾರೆ ಕತ್ತೆಗಳು ಎಂದು ಬೈದು ವಾಪಸ್ ಕಳಿಸುತ್ತಿದ್ದವನು ಅವನೇ.

ಹಿಂದೊಮ್ಮೆ ಕಾರ್ಖಾನೆಯ ಮುಷ್ಕರದಲ್ಲಿ ಮಾಲೀಕನ ಮುಖಕ್ಕೇ ನಿನ್ನದು ತಪ್ಪು ಎಂದು ಕೂಗಿದ್ದ ಗಂಟಲು ಅದು. ಈಗ ಅದರಿಂದ ಹೊರಟದ್ದು, ನೀರು ಜಾಸ್ತಿ ಹಾಕಿದ್ದೀಯ ಎಂಬ ಮಾತು. ತಂಗಿ ನಂಬಿದಳು. ತನ್ನ ಕೈಗುಣವೇ ಸರಿಯಿಲ್ಲ, ಆರಿಸಿದ ತಳಿಯೂ ದರಿದ್ರದ್ದು ಎಂದು ಬೀದಿಯವರ ಮುಂದೆ ತನ್ನನ್ನೇ ಹಳಿದುಕೊಂಡಳು. ಮೇಸ್ತ್ರಿಯ ತಂಗಿಯಾಗಿ ಹೀಗಾ ಎಂದು ಪಕ್ಕದ ಮನೆಯವನು ನಕ್ಕ. ಮೇಸ್ತ್ರಿಯೂ ಹಲ್ಲು ಕಿರಿದ. ಆಮೇಲೆ ಒಂದು ವಾರ ತಂಗಿಯ ಮನೆಯ ಕಡೆ ಸುಳಿಯಲಿಲ್ಲ.

ಭಾನುವಾರ ಹೋದರೆ, ಅವಳು ಗುದ್ದಲಿ ಹಿಡಿದು ತನ್ನ ಬಳ್ಳಿಯ ಬುಡದಲ್ಲಿ ನಿಂತಿದ್ದಳು. ಇದನ್ನು ಕಿತ್ತು, ಸೂರು ಮುಟ್ಟಿದ ನಿನ್ನದರಲ್ಲೇ ಒಂದು ತುಂಡು ನೆಡುತ್ತೇನೆ, ಮುಂದಿನ ವರ್ಷ ಗೊಂಚಲು ಬಿಟ್ಟೀತು ಅಂದಳು. ಗುದ್ದಲಿ ಮೇಲೆದ್ದಿತು.

"ಅದನ್ನ ಮುಟ್ಟಬೇಡ. ಕೀಳಬೇಕಾದ್ದು ನಂದು, ಅದು ಗಂಡು. ನಂಗೆ ಗಿಡದ ಗುರುತಿಲ್ಲ ಕಣೇ. ಯಾವತ್ತೂ ನೋಡೇ ಇರ್ಲಿಲ್ಲ."

"ಯಾವಾಗ ಗೊತ್ತಾಯ್ತು?"

"ನೀನು ಅಂಗೈಗೆ ಸುರಿದಾಗ್ಲೇ."

ಅವಳು ಗುದ್ದಲಿ ಇಳಿಸಿದಳು. "ಗಿಡ ತಪ್ಪಿದ್ದು ಬಿಡು, ಯಾರಿಗಾದ್ರೂ ತಪ್ಪುತ್ತೆ. ನೀರು ಜಾಸ್ತಿ ಅಂದ್ಯಲ್ಲ, ಹಂಗೆ ಅನ್ನೋಕೆ ನಿಂಗೆ ಬಾಯಾದ್ರೂ ಹೆಂಗೆ ಬಂತಣ್ಣ?"

ಗುದ್ದಲಿಯನ್ನು ಅವನ ಕಾಲ ಬಳಿ ಬಿಸಾಕಿ ಒಳಗೆ ಹೋದಳು. ಹೊಲಿಗೆ ಯಂತ್ರ ಶುರುವಾಯಿತು.

ಬೇರು ಮೊಣಕಾಲಾಳ ಇಳಿದಿತ್ತು. ಅವನು ಅಗೆದ. ಅಷ್ಟು ಒಳ್ಳೆಯ ಬಳ್ಳಿ ಯಾಕೆ ಕೀಳುತ್ತೀರಿ ಎಂದು ಪಕ್ಕದ ಮನೆಯವನು ಬೇಲಿಯ ಮೇಲಿಂದ ಕೇಳಿದ. ಮೇಸ್ತ್ರಿ ತಲೆ ಎತ್ತಲಿಲ್ಲ.

"ಇದು ಗಂಡು. ಆರಿಸಿದ್ದು ನಾನು. ಅವಳದೇನೂ ತಪ್ಪಿಲ್ಲ."

ತಂಗಿಗೆ ಕೇಳಿಸಲಿಲ್ಲವೇನೋ ಎಂದು, ಇನ್ನೊಂದು ಸಲ ಜೋರಾಗಿ ಹೇಳಿದ. ಒಳಗೆ ಯಂತ್ರ ನಿಲ್ಲಲಿಲ್ಲ.