ಅತ್ತಿ ತೊಟ್ಟ ಅಂಗಿ

ನಮ್ಮ ಅತ್ತಿಯ ಬಾಯಲ್ಲಿ ‘ಅಸಹ್ಯ’ ಎಂಬ ಮಾತಿಗೆ ಬಿಡುವೇ ಇರಲಿಲ್ಲ. ಬಾಗಿಲಲ್ಲಿ ನಿಂತು ನಕ್ಕರೆ ಅಸಹ್ಯ, ಬಸ್ಸಿನಲ್ಲಿ ಗಂಡನ ಪಕ್ಕ ಕೂತರೆ ಅಸಹ್ಯ. ಎರಡು ಸಾವಿರದ ನಾಲ್ಕರಲ್ಲಿ ಮದುವೆಯಾಗಿ ರಾಣೆಬೆನ್ನೂರಿನಿಂದ ಬ್ಯಾಡಗಿ ಕಡೆಯ ಹಳ್ಳಿಗೆ ಬಂದ ನನಗೆ ಅದನ್ನು ಕೇಳಿ ಕೇಳಿ ಮೈ ಉರಿಯುತ್ತಿತ್ತು.

ಮೆಣಸಿನಕಾಯಿ ಬಿಡಿಸುವ ಕಾಲ ಬಂತು. ಕೈಗೆ ಖಾರ ತಾಗದಿರಲೆಂದು ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ಹಾಕಿಕೊಂಡು ಹೊಲಕ್ಕೆ ಹೊರಟೆ.

“ಗಂಡಸರ ಅಂಗಿ ತೊಟ್ಟು ಮಂದಿ ಮುಂದ ಹೊಂಟೀಯಲ್ಲ, ಅಸಹ್ಯ!”

“ಮೈಯೆಲ್ಲ ಮುಚ್ಚೇತಲ್ರಿ ಅತ್ತಿ, ಇದರಾಗ ಅಸಹ್ಯ ಎಲ್ಲೈತ್ರಿ?” ಎಂದೆ. ಅವರು ಬರೀ ಸೀರೆಯಲ್ಲೇ ನನ್ನ ಜೊತೆ ಹೊಲಕ್ಕೆ ಬಂದರು. ಸಂಜೆ ಅವರ ತೋಳು ಮೊಣಕೈತನಕ ಕೆಂಪಾಗಿತ್ತು. ನಾನೇ ಕೊಬ್ಬರಿ ಎಣ್ಣೆ ಹಚ್ಚಿದೆ.

ಮರುದಿನ ಬೆಳಿಗ್ಗೆ ಅತ್ತಿ ಸೀರೆಯ ಮೇಲೆ ಮಾವನ ಬಿಳಿ ಅಂಗಿ ತೊಟ್ಟು, ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬಂದರು. ದಾರಿಯಲ್ಲಿ ಕಟ್ಟೆಯ ಮೇಲೆ ಕೂತಿದ್ದ ಗಂಡಸರು ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ ಕಿಸಕ್ಕನೆ ನಕ್ಕರು. ನಾನು ತಲೆ ತಗ್ಗಿಸಿ ನಡೆದೆ. ಅತ್ತಿ ಮಾತ್ರ ಅವರೆದುರಿಗೇ ನಿಂತುಬಿಟ್ಟರು.

“ದುಡಿಯಾಕ ಹೊಂಟ ಹೆಣ್ಮಕ್ಕಳನ್ನ ಹಿಂಗ ನೋಡ್ತೀರಲ್ಲ, ಅಸಹ್ಯ!”